ಏಳು ವಿಭಕ್ತಿಯ ಇನ್ನೊಂದು ಭಾಷೆ



ದೌಲತಾಬಾದಿನ ಈ ದತ್ತಿ ಉಪನ್ಯಾಸದ ಆಮಂತ್ರಣ ಪತ್ರಿಕೆಯಲ್ಲಿ ಇವತ್ತಿನ ವಿಷಯ ಓದಿದ ಗೆಳೆಯರೊಬ್ಬರು ಫೋನು ಮಾಡಿ, "ಮಾಸ್ತರ, ಅದು ಪೋಲಿಷೋ ಪೊಲೀಸೋ? ಅಚ್ಚಿನ ತಪ್ಪೇನರ ಆಗೇದೇನು?" ಎಂದು ಕೇಳಿದರು. ತಪ್ಪೇನೂ ಆಗಿಲ್ಲ. ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸಿದವನು ನಾನು. ನಿವೃತ್ತಿಯಾದ ಮೇಲೆ ಪೋಲೆಂಡ್ ದೇಶದ ಭಾಷೆಯನ್ನು ಅ ಆ ಇ ಈಯಿಂದ ಕಲಿಯುವ ಪ್ರಸಂಗ ಬಂತು. ಮಗ ವ್ರೊತ್ಸ್ವಾಫ್ ಎಂಬ ಊರಿನಲ್ಲಿದ್ದಾನೆ, ಸೊಸೆ ಅಲ್ಲಿಯವಳು, ಮೊಮ್ಮಗಳಿಗೆ ಈಗ ಐದು ವರ್ಷ. ಕನ್ನಡದ ಹುಡುಗನಿಗೆ ಪೋಲಿಷ್ ಕಲಿಯಲು ಇಂಗ್ಲಿಷಿನ ದಾರಿ ಬೇಕಿಲ್ಲ, ನಮ್ಮ ಹಿತ್ತಲಿನಿಂದಲೇ ದಾರಿ ಇದೆ. ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಉಳಿದದ್ದೆಲ್ಲ ಅದರ ವಿಸ್ತಾರ.

ಮೊಮ್ಮಗಳು ಮಾತು ಕಲಿಯುತ್ತಿದ್ದಾಗ ಫೋನಿನ ಪರದೆಯಲ್ಲಿ ನನ್ನನ್ನು ಕಂಡು "ಜಾತ್ಕು!" ಎಂದು ಕೂಗುತ್ತಿದ್ದಳು. ಅಜ್ಜನಿಗೆ ಅಲ್ಲಿ ಜಾತ್ಕು ಅನ್ನುತ್ತಾರೆ ಎಂದುಕೊಂಡು ಊರ ತುಂಬ ಹೇಳಿಕೊಂಡು ಬಂದೆ. ಆಮೇಲೆ ಒಂದು ದಿನ ಸೊಸೆ ತನ್ನ ತಾಯಿಯ ಜೊತೆ ಮಾತಾಡುವಾಗ ನನ್ನತ್ತ ಕೈ ಮಾಡಿ "ಜಾದೆಕ್" ಅಂದಳು. ಇನ್ನೊಮ್ಮೆ "ಜಾತ್ಕೊವಿ" ಅಂದಳು, ಮತ್ತೊಮ್ಮೆ "ಜಾತ್ಕಾ". ಇವರಿಗೆ ಅಜ್ಜಂದಿರು ಎಷ್ಟು ಜನ ಎಂದು ಮಗನನ್ನು ಕೇಳಿದೆ. ಅವನು ನಕ್ಕು, "ಅಪ್ಪಾ, ಎಲ್ಲಾ ನೀನೇ. ಅಜ್ಜ, ಅಜ್ಜಗ, ಅಜ್ಜನ್ನ, ಅಜ್ಜಾ" ಅಂದ. ಮೂವತ್ತು ವರ್ಷ ಹಲಗೆಯ ಮೇಲೆ ಬರೆದದ್ದು ನನ್ನ ಮೈಮೇಲೇ ಬಂದು ಕೂತಿತ್ತು. ಜಾದೆಕ್ ಎಂದರೆ ಅಜ್ಜ. ಜಾತ್ಕೊವಿ ಎಂದರೆ ಅಜ್ಜನಿಗೆ. ಜಾತ್ಕ್ಯೆಮ್ ಎಂದರೆ ಅಜ್ಜನಿಂದ ಅಥವಾ ಅಜ್ಜನೊಡನೆ. ಜಾತ್ಕು ಎಂಬುದು ಸಂಬೋಧನೆ, ನಮ್ಮ "ಅಜ್ಜಾ!" ಇದ್ದ ಹಾಗೆ. ಪ್ರತ್ಯಯ ಹತ್ತುವಾಗ ನಡುವಿನ ಎಕಾರ ಬಿದ್ದುಹೋಗುತ್ತದೆ, ದಕಾರ ಕಕಾರಕ್ಕೆ ತಗುಲಿ ತಕಾರವಾಗುತ್ತದೆ. ಲೋಪಸಂಧಿ, ಆದೇಶಸಂಧಿ ಎಂದು ನಾವು ಹುಡುಗರ ಕಿವಿ ಹಿಂಡಿದ್ದು ಇದಕ್ಕೇ ಅಲ್ಲವೇ?

ಪೋಲಿಷಿನಲ್ಲಿ ವಿಭಕ್ತಿಗಳು ಏಳು, ಸಂಬೋಧನೆಯನ್ನು ಸೇರಿಸಿ. ನಾವು ಸಂಸ್ಕೃತದ ರೂಢಿಯಂತೆ ಪ್ರಥಮಾ ದ್ವಿತೀಯಾ ಎಂದು ಬರೀ ಅಂಕಿ ಕೊಟ್ಟು ಬಿಟ್ಟೆವು. ಅವರು ಕೆಲಸ ನೋಡಿ ಹೆಸರಿಟ್ಟಿದ್ದಾರೆ. ತೃತೀಯೆಗೆ ನಾಝೆಂದ್ನಿಕ್, ಎಂದರೆ ಸಲಕರಣೆಯದು. ಸಪ್ತಮಿಗೆ ಮ್ಯೆಯ್ಸ್‌ತ್ಸೊವ್ನಿಕ್, ಜಾಗದ್ದು. ಚತುರ್ಥಿಗೆ ತ್ಸೆಲೊವ್ನಿಕ್, ಗುರಿಯದು. ಸಂಬೋಧನೆಗೆ ವೊವಾಚ್, ಕೂಗುವುದು. ನನ್ನ ಶಾಲೆಯ ಹುಡುಗರಿಗೆ ಈ ಹೆಸರು ಸಿಕ್ಕಿದ್ದರೆ ಅರ್ಧ ಕಣ್ಣೀರು ಉಳಿಯುತ್ತಿತ್ತು.

ಅವರ ಪಟ್ಟಿಯಲ್ಲಿ ಪಂಚಮಿ ಇಲ್ಲ. ನೋಡಿದರೆ ನಮ್ಮಲ್ಲೂ ಅದು ಹೆಸರಿಗಷ್ಟೇ. "ಮರದ ದೆಸೆಯಿಂದ ಹಣ್ಣು ಬಿತ್ತು" ಎಂದು ಯಾರಾದರೂ ಮಾತಾಡಿದ್ದನ್ನು ಕೇಳಿದ್ದೀರಾ? ಸಂಸ್ಕೃತದ ಲೆಕ್ಕಕ್ಕೆ ಸರಿಹೊಂದಲಿ ಎಂದು ಕೂರಿಸಿದ್ದು ಅದು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅದಕ್ಕೆ ಅತ್ತಣಿಂ ಎಂಬ ರೂಪ ಹೇಳುತ್ತಾನೆ. ನಮ್ಮ ಬಾಯಿ ಮಾತ್ರ ಮರದಿಂದ, ಕತ್ತಿಯಿಂದ ಎರಡಕ್ಕೂ ಒಂದೇ "ಇಂದ" ಹಚ್ಚಿ ಮುಂದೆ ಹೋಗುತ್ತದೆ. ಪೋಲಿಷ್‌ನವರು ಮರದಿಂದ ಎನ್ನುವ "ಇಂದ"ದ ಕೆಲಸವನ್ನು ಷಷ್ಠಿಗೆ ವಹಿಸಿ, ಶಬ್ದದ ಮುಂದೆ ಒಂದು ಸಣ್ಣ ಅವ್ಯಯ ಇಟ್ಟುಕೊಂಡಿದ್ದಾರೆ.

ಕೇಶಿರಾಜನ ಹೆಸರು ಬಂದದ್ದರಿಂದ ಈ ನೆಲದ ಮಾತೂ ಎರಡು ಆಡಬೇಕು. ಅವನು ವ್ಯಾಕರಣ ಬರೆದದ್ದು 13ನೇ ಶತಮಾನದ ನಡುಭಾಗದಲ್ಲಿ. ಆಗ ಈ ಗುಡ್ಡದ ಹೆಸರು ದೇವಗಿರಿ. ಸೇವುಣರು ಆಳುತ್ತಿದ್ದರು. ಕನ್ನಡದಲ್ಲಿ ನೂರಾರು ಶಾಸನ ಹಾಕಿಸಿದ ಮನೆತನ ಅದು. ಅದೇ ಮನೆತನದ ರಾಮಚಂದ್ರನ ಕಾಲದಲ್ಲಿ, 1290ರಲ್ಲಿ, ನೇವಾಸೆಯಲ್ಲಿ ಜ್ಞಾನೇಶ್ವರಿ ಹುಟ್ಟಿತು. ಪಂಢರಪುರದಲ್ಲಿ ಚೌಂಡರಸ ಕನ್ನಡದಲ್ಲಿ ದಶಕುಮಾರರ ಕಥೆ ಹೇಳಿದ್ದೂ ಹೆಚ್ಚು ಕಡಿಮೆ ಆಗಲೇ. ಒಂದೇ ದೊರೆತನದ ನೆರಳಲ್ಲಿ ಎರಡು ಭಾಷೆ ಪಕ್ಕಪಕ್ಕ ಕೂತು ಉಂಡ ಜಾಗ ಇದು. ಪೋಲಿಷ್ ಕಲಿಯುವವನಿಗೆ ಆ ಎರಡೂ ಕೈಗೆ ಬರುತ್ತವೆ. ಕನ್ನಡ ವಿಭಕ್ತಿ ಕೊಡುತ್ತದೆ, ಮರಾಠಿ ಲಿಂಗ ಕೊಡುತ್ತದೆ.

ಲಿಂಗದ ಕಥೆ ಹೇಳುತ್ತೇನೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುವಂಥದು. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಗೋಡೆ ಗಡಿಗೆಯೆಲ್ಲ ನಪುಂಸಕ. ಪೋಲಿಷಿನಲ್ಲಿ ಹಾಗಿಲ್ಲ, ಗೋಡೆಗೂ ಗಡಿಗೆಗೂ ಲಿಂಗವಿದೆ. ಆದರೆ ಮರಾಠಿಯಷ್ಟು ಕಾಡಿಸುವುದಿಲ್ಲ. ಶಬ್ದದ ಬಾಲ ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ವ್ಯಂಜನದಲ್ಲಿ ಮುಗಿದರೆ ಪುಲ್ಲಿಂಗ: ದೋಮ್, ಮನೆ. ಆಕಾರದಲ್ಲಿ ಮುಗಿದರೆ ಸ್ತ್ರೀಲಿಂಗ: ವೊದಾ, ನೀರು. ಒಕಾರ ಎಕಾರಕ್ಕೆ ನಪುಂಸಕ: ಮ್ಲೆಕೊ, ಹಾಲು. ಮರಾಠಿಯ ತೋ, ತೀ, ತೇ ಇದ್ದ ಹಾಗೆ ಅಲ್ಲಿ ತೆನ್, ತಾ, ತೊ. ರಾತ್ರಿಗೆ ನೋತ್ಸ್ ಅನ್ನುತ್ತಾರೆ. ವ್ಯಂಜನದಲ್ಲಿ ಮುಗಿದರೂ ಅದು ಸ್ತ್ರೀಲಿಂಗ. ಇಂಥ ಕೆಲವನ್ನು ಬಾಯಿಪಾಠ ಮಾಡಲೇಬೇಕು.

ನನ್ನ ಗುರು ಸೊಸೆ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಕಲಿತೆ. ಮಗನ ಮನೆಯಲ್ಲಿ ಆರು ತಿಂಗಳು ಇದ್ದಾಗ ಒಂದು ಬೆಳಿಗ್ಗೆ ಧೈರ್ಯ ಮಾಡಿ ಮನೆಯ ಹತ್ತಿರದ ರೊಟ್ಟಿ ಅಂಗಡಿಗೆ ಒಬ್ಬನೇ ಹೋದೆ. "ನಿನ್ನೆ ಇಲ್ಲೇ ರೊಟ್ಟಿ ಕೊಂಡಿದ್ದೆ, ಅಂಥದ್ದೇ ಕೊಡಿ" ಎನ್ನಬೇಕಿತ್ತು. "ಕುಪಿವಾಮ್" ಅಂದೆ. ಕೌಂಟರಿನ ಹೆಂಗಸು ನನ್ನ ಮೀಸೆ ನೋಡಿದಳು, ಟೊಪ್ಪಿಗೆ ನೋಡಿದಳು, ತುಟಿ ಕಚ್ಚಿ ನಗು ತಡೆದುಕೊಂಡು ರೊಟ್ಟಿ ಕಟ್ಟಿಕೊಟ್ಟಳು. ಕುಪಿವಾಮ್ ಎಂದರೆ ಹೆಂಗಸು ಕೊಂಡದ್ದು. ಗಂಡಸಾದರೆ ಕುಪಿವೆಮ್ ಎನ್ನಬೇಕು. ಭೂತಕಾಲದ ಕ್ರಿಯಾಪದದಲ್ಲಿ "ನಾನು" ಎಂಬವನ ಗಂಡು ಹೆಣ್ಣು ಕಾಣುತ್ತದೆ. ಕನ್ನಡದ "ಬಂದೆ"ಯಲ್ಲಿ ಅದು ಕಾಣುವುದಿಲ್ಲ. ಮರಾಠಿಯಲ್ಲಿ ಕಾಣುತ್ತದೆ: ಮೀ ಆಲೋ, ಮೀ ಆಲೇ. ನಾಚಿಕೆಯ ಮಾತೆಂದರೆ ಇದೇ ತಪ್ಪನ್ನು ಐವತ್ತೈದು ವರ್ಷದ ಹಿಂದೆಯೂ ಮಾಡಿದ್ದೆ. ಪಕ್ಕದ ಮನೆಯ ಮಾವಶಿಯಿಂದ ಮರಾಠಿ ಕಲಿತು, ಶಾಲೆಯಲ್ಲಿ "ಮೀ ಆಲೇ" ಎಂದು ಹಾಜರಿ ಹೇಳಿದ್ದಕ್ಕೆ ಹುಡುಗರು ವರ್ಷವಿಡೀ "ಆಲೇಬಾಯಿ" ಎಂದು ಕರೆದರು. ಆದ್ದರಿಂದ ಕಲಿಯುವವರಿಗೆ ನನ್ನ ಒಂದು ಮಾತು: ಗಂಡಸರು ಗಂಡಸರಿಂದಲೂ ನಾಲ್ಕು ವಾಕ್ಯ ಕೇಳಿಸಿಕೊಳ್ಳಿ.

ಬಹುವಚನದಲ್ಲಿ ಮಾತ್ರ ನಾನು ಕನ್ನಡದ ಪಕ್ಷ. ನಾವು ಮನುಷ್ಯರಿಗೆ "ಬಂದರು", ಉಳಿದವಕ್ಕೆ "ಬಂದವು" ಅನ್ನುತ್ತೇವೆ. ಪೋಲಿಷಿನಲ್ಲೂ ಬಹುವಚನ ಹೀಗೇ ಎರಡು ಪಾಲಾಗುತ್ತದೆ, ಆದರೆ ಗೆರೆ ಬೇರೆ ಕಡೆ ಬಿದ್ದಿದೆ. ಗುಂಪಿನಲ್ಲಿ ಒಬ್ಬನಾದರೂ ಗಂಡಸಿದ್ದರೆ "ಬಿಲಿ", ಇದ್ದರು. ಬರೀ ಹೆಂಗಸರಾದರೆ "ಬಿವಿ", ಮತ್ತು ಆ ಬಿವಿಯೇ ಕುದುರೆಗೂ ಕುರ್ಚಿಗೂ. ನೂರು ಹೆಂಗಸರ ನಡುವೆ ಒಬ್ಬ ಗಂಡಸು ಬಂದು ಕೂತರೆ ಕ್ರಿಯಾಪದ ಬದಲಾಗುತ್ತದೆ! ಸೊಸೆಗೆ ನಮ್ಮ "ಬಂದರು" ವಿವರಿಸಿದಾಗ ಆಕೆ, "ನಿಮ್ಮ ವ್ಯಾಕರಣ ಬರೆದವರಿಗೆ ಅಕ್ಕತಂಗಿಯರು ಇದ್ದಿರಬೇಕು" ಅಂದಳು.

ಇಂಗ್ಲಿಷ್ ಪುಸ್ತಕಗಳು ಏನು ಮಾಡುತ್ತವೆ ಎಂಬುದಕ್ಕೆ ಬರುತ್ತೇನೆ. ಅಲ್ಲಿ ಒಂದು ಅಧ್ಯಾಯ ಪೂರ್ತಿ ಚಳಿಯ ಮೇಲೆ. ಇಂಗ್ಲಿಷಿನವನು ತಾನೇ ಚಳಿ ಎಂಬಂತೆ ಮಾತಾಡುತ್ತಾನೆ. ಪೋಲಿಷಿನಲ್ಲಿ "ಝಿಮ್ನೊ ಮಿ" ಎಂದಿರುವುದನ್ನು ಅವನಿಗೆ ತಿಳಿಹೇಳಲು ಪುಟಗಟ್ಟಲೆ ಬೇಕು. ಕನ್ನಡದವನಿಗೆ ಒಂದು ಸಾಲು ಸಾಕು: ನನಗೆ ಚಳಿ. ಝಿಮ್ನೊ ಚಳಿ, ಮಿ ನನಗೆ. "ಪೊದೊಬಾ ಮಿ ಶೆ" ಅಂದರೆ ನನಗೆ ಹಿಡಿಸುತ್ತದೆ. "ಸ್ಮುತ್ನೊ ಮಿ" ಅಂದರೆ ನನಗೆ ಬೇಸರ. ಬೇಸರ, ಚಳಿ, ಇಷ್ಟ ಎಲ್ಲವೂ ಹೊರಗಿನಿಂದ ಬಂದು ಮನುಷ್ಯನಿಗೆ ತಗಲುವಂಥವು ಎಂದು ಎರಡು ಭಾಷೆಯೂ ತಿಳಿದಿವೆ. (ಹಸಿವಿನ ವಿಷಯದಲ್ಲಿ ಪೋಲಿಷ್ ಇಂಗ್ಲಿಷಿನ ಕಡೆ ವಾಲುತ್ತದೆ. ಅದು ಬೇರೆ ಮಾತು.)

ದ್ವಿತೀಯೆಯಲ್ಲಿ ಇನ್ನೂ ಸೊಗಸಿದೆ. "ಮನೆ ನೋಡಿದೆ" ಅನ್ನುತ್ತೇವೆ, "ಅನ್ನು" ಬೇಕಿಲ್ಲ. "ತಮ್ಮ ನೋಡಿದೆ" ಅಂದರೆ ಮಾತು ತಪ್ಪುತ್ತದೆ, "ತಮ್ಮನನ್ನು" ಎನ್ನಲೇಬೇಕು. ಮರಾಠಿಯಲ್ಲೂ ಘರ್ ಪಾಹಿಲಂ, ಭಾವಾಲಾ ಪಾಹಿಲಂ. ಪೋಲಿಷಿನ ಪುಲ್ಲಿಂಗದಲ್ಲಿ ಥೇಟು ಇದೇ. "ವಿದ್ಜೆ ದೋಮ್", ಮನೆ ಕಾಣುತ್ತೇನೆ, ದೋಮ್ ಹಾಗೇ ಉಳಿಯಿತು. "ವಿದ್ಜೆ ಬ್ರಾತಾ", ಅಣ್ಣನನ್ನು ಕಾಣುತ್ತೇನೆ, ಬ್ರಾತ್ ಎಂಬುದಕ್ಕೆ ಪ್ರತ್ಯಯ ಹತ್ತಿತು. ಜೀವವಿದ್ದದ್ದಕ್ಕೆ ಒಂದು ನಡೆ, ಇಲ್ಲದ್ದಕ್ಕೆ ಇನ್ನೊಂದು.

ಇನ್ನು ಕ್ರಿಯಾಪದ. ಪೋಲಿಷಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಎರಡು ಧಾತು ಕಲಿಯಬೇಕು, ಮಾಡುತ್ತಿದ್ದುದಕ್ಕೊಂದು, ಮಾಡಿ ಮುಗಿಸಿದ್ದಕ್ಕೊಂದು ಎಂದು ಪುಸ್ತಕಗಳು ಹೆದರಿಸುತ್ತವೆ. "ಯಾದ್ವೆಮ್" ಎಂದರೆ ತಿನ್ನುತ್ತಿದ್ದೆ. "ಝ್ಯಾದ್ವೆಮ್" ಎಂದರೆ? ತಿಂದುಬಿಟ್ಟೆ. ಮರಾಠಿಯ ಖಾವೂನ್ ಟಾಕಲಂ. ನಾವು "ಬಿಡು" ಎಂಬುದನ್ನು ಹಿಂದೆ ಕಟ್ಟುತ್ತೇವೆ, ಅವರು ಒಂದಕ್ಷರ ಮುಂದೆ ಕಟ್ಟುತ್ತಾರೆ. ಬರೆಯುತ್ತಿದ್ದೆ "ಪಿಸಾವೆಮ್", ಬರೆದುಬಿಟ್ಟೆ "ನಾಪಿಸಾವೆಮ್". ಹೆದರುವಂಥದ್ದೇನೂ ಇಲ್ಲ.

ಹೊಸಬರು ಮೊದಲು ಯಾವ ವಿಭಕ್ತಿ ಕಲಿಯಬೇಕು? ಷಷ್ಠಿ. ಇಲ್ಲ ಎನ್ನಲು ಅದೇ ಬೇಕು. "ಮಾಮ್ ವೊದೆ" ಎಂದರೆ ನನ್ನ ಹತ್ತಿರ ನೀರಿದೆ. "ನ್ಯೆ ಮಾಮ್ ವೊದಿ", ನೀರಿಲ್ಲ. ನ್ಯೆ ಬಂದ ಕೂಡಲೆ ನೀರು ದ್ವಿತೀಯೆಯಿಂದ ಷಷ್ಠಿಗೆ ಇಳಿಯಿತು. "ನ್ಯೆ ಮಾ" ಎಂಬ ಎರಡು ಮಾತು ನಮ್ಮ "ಇಲ್ಲ"ದಷ್ಟೇ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಸಾಮಾನಿಲ್ಲ, ಮನೆಯಲ್ಲಿ ಯಾರೂ ಇಲ್ಲ, ಎಲ್ಲಕ್ಕೂ ನ್ಯೆ ಮಾ. ಎಣಿಕೆಗೂ ಷಷ್ಠಿ ಬೇಕು. ಅದನ್ನು ಕೊನೆಗೆ ಹೇಳುತ್ತೇನೆ.

ದಿನಬಳಕೆಯ ಮಾತು ಕೆಲವು. ಹಗಲಿನ ನಮಸ್ಕಾರಕ್ಕೆ "ಜೆನ್ ದೊಬ್ರಿ". ಜೆನ್ ಎಂದರೆ ದಿನ, ನಂಟು ಕೇಳಿಸುತ್ತದೆ. ಹೌದು "ತಾಕ್", ಅಲ್ಲ "ನ್ಯೆ". "ಪ್ರೊಶೆ" ಎಂಬುದು ದಯವಿಟ್ಟು, ತಗೊಳ್ಳಿ, ಬನ್ನಿ, ಇರಲಿ ಬಿಡಿ, ಎಲ್ಲವೂ. "ಜೆಂಕೂಯೆ", ಉಪಕಾರವಾಯಿತು. "ಪ್ಶೆಪ್ರಾಶಾಮ್", ತಪ್ಪಾಯಿತು. "ತ್ಸೊ ಸ್ವಿಖಾಚ್?" ಎಂಬುದರ ಅಕ್ಷರಾರ್ಥ "ಏನು ಕೇಳಿಬರುತ್ತಿದೆ?". ನಮ್ಮ "ಏನ್ರೀ ಸಮಾಚಾರ" ಅದು. ಹೊರಡುವಾಗ "ದೊ ವಿದ್ಜೆನ್ಯಾ", ಮತ್ತೆ ಕಾಣುವವರೆಗೆ. ನಮ್ಮಲ್ಲಿ ಹೋಗುತ್ತೇನೆ ಅನ್ನಬಾರದು, ಹೋಗಿಬರುತ್ತೇನೆ ಅನ್ನಬೇಕಲ್ಲ, ಹಾಗೆ. ಗೌರವಕ್ಕೆ ಗಂಡಸರಿಗೆ "ಪಾನ್", ಹೆಂಗಸರಿಗೆ "ಪಾನಿ", ಕ್ರಿಯಾಪದ ಪ್ರಥಮಪುರುಷದಲ್ಲಿ. ಪರಿಚಯವಿಲ್ಲದವರನ್ನು ನೀನು ಎಂದರೆ ಅಲ್ಲಿಯೂ ಹುಬ್ಬೇರುತ್ತದೆ. ನನ್ನ ಹೆಂಡತಿಯನ್ನು ಅಲ್ಲಿಯ ನೆರೆಯವರು "ಪಾನಿ" ಎಂದು ಮಾತಾಡಿಸಿದಾಗ ಆಕೆ ಎದ್ದುಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಅಡುಗೆಮನೆಯ ಶಬ್ದಗಳಲ್ಲಿ ಹಳೆಯ ಪರಿಚಯಸ್ಥರು ಸಿಗುತ್ತಾರೆ. ಮೆಣಸಿಗೆ "ಪ್ಯೆಪ್ಶ್", ಅದರ ಬೇರು ನಮ್ಮ ಹಿಪ್ಪಲಿ, ಪಿಪ್ಪಲಿ. ಸಕ್ಕರೆಗೆ "ತ್ಸುಕ್ಯೆರ್", ಶರ್ಕರೆ ಊರೂರು ಸುತ್ತಿ ಅಲ್ಲಿ ಮುಟ್ಟಿದ್ದು. ಜೇನಿಗೆ "ಮ್ಯುತ್", ಮಧು. ಬೆಂಕಿ "ಓಗ್ಯೆನ್", ಅಗ್ನಿ. ಇಲಿ "ಮಿಶ್", ಮೂಷಿಕ. ಅಣ್ಣ ತಮ್ಮ "ಬ್ರಾತ್", ಭ್ರಾತೃ. ಚಹಾ ಮಾತ್ರ ಮೋಸ ಮಾಡುತ್ತದೆ. ನೆರೆಯ ರಷ್ಯದವರು ಚಾಯ್ ಅನ್ನುವಾಗ ಇವರು "ಹೆರ್ಬಾತಾ" ಅನ್ನುತ್ತಾರೆ. ವಾರದ ಹೆಸರು ಕೇಳಿ: ಭಾನುವಾರ "ನ್ಯೆಜೆಲಾ", ಕೆಲಸವಿಲ್ಲದ್ದು. ಸೋಮವಾರ "ಪೊನ್ಯೆಜಾವೆಕ್", ಕೆಲಸವಿಲ್ಲದ್ದರ ಮರುದಿನ. ಹಲವು ತಿಂಗಳುಗಳಿಗೂ ರೈತರೇ ಹೆಸರಿಟ್ಟಿದ್ದಾರೆ. ಆಗಸ್ಟ್ "ಶೆರ್ಪ್ಯೆನ್", ಕುಡುಗೋಲಿನ ತಿಂಗಳು. ನವೆಂಬರ್ "ಲಿಸ್ತೊಪಾತ್", ಎಲೆಯುದುರು. ಡಿಸೆಂಬರ್ "ಗ್ರುಜೆನ್", ಹೆಪ್ಪುಗಟ್ಟಿದ ಹೆಂಟೆಯದು.

ಉಚ್ಚಾರಕ್ಕೆ ಅಂಜಬೇಡಿ. ವ್ಯಂಜನಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ, ನಿಜ. ಜೇನುನೊಣಕ್ಕೆ "ಪ್ಶ್ಚೊವಾ" ಅನ್ನುತ್ತಾರೆ. ಸ್ತ್ರೀ, ರಾಷ್ಟ್ರ, ಲಕ್ಷ್ಮಿ ಬರೆದ ಕೈಗೆ ಇದೇನು ಮಹಾ? ಒತ್ತಕ್ಷರ ಇರುವುದೇ ಇದಕ್ಕೆ. ಸ್ವರಭಾರ ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ, ಅಪವಾದ ಕಡಿಮೆ. ರೋಮನ್ ಲಿಪಿಯ ಎಲ್ ಅಕ್ಷರಕ್ಕೆ ಅಡ್ಡಗೀಟು ಹಾಕಿದ್ದರೆ ಅದು ವಕಾರದಂತೆ ನುಡಿಯುತ್ತದೆ. ಪತ್ರಿಕೆಯಲ್ಲಿ ಲೆಕ್ ವಲೇಸಾ ಎಂದು ನಾವು ಓದಿದ ಕಾರ್ಮಿಕ ನಾಯಕ ತನ್ನೂರಲ್ಲಿ ಲೆಖ್ ವವೆನ್ಸಾ.

ಈ ಭಾಷೆ ನಮಗೆ ಅಷ್ಟೇನೂ ದೂರದ್ದಲ್ಲ. 1940ರಿಂದ ಸೋವಿಯತ್ ಸರ್ಕಾರ ಪೂರ್ವ ಪೋಲೆಂಡಿನ ಸಂಸಾರಗಳನ್ನು ಗೂಡ್ಸು ಗಾಡಿಗೆ ತುಂಬಿ ಸೈಬೀರಿಯಕ್ಕೂ ಕಜಾಕಸ್ತಾನಕ್ಕೂ ಸಾಗಿಸಿತು. 1941ರ ಒಪ್ಪಂದದಿಂದ ಬಿಡುಗಡೆಯಾದವರಲ್ಲಿ ಎಷ್ಟೋ ಜನ ಇರಾನ್ ದಾಟಿ ಇಂಡಿಯಾಕ್ಕೆ ಬಂದರು. ಜಾಮನಗರದ ಬಾಲಾಚಡಿಯಲ್ಲಿ 1942ರಿಂದ ಮಕ್ಕಳ ಶಿಬಿರ ನಡೆಯಿತು. ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಜನ ಇದ್ದರು, ಹೆಚ್ಚಿನವರು ಹೆಂಗಸರು, ಮಕ್ಕಳು. ನಿಪ್ಪಾಣಿಯಿಂದ ಒಂದು ತಾಸಿನ ದಾರಿ! ನಮ್ಮ ಗಡಿಯ ಜನ ಸಂತೆಗೆ ಹೋಗುವ ಊರಿನ ಮಗ್ಗುಲಲ್ಲಿ ಐದು ವರ್ಷ ಪೋಲಿಷ್ ಶಾಲೆಗಳು ನಡೆದವು, ಈ ಏಳು ವಿಭಕ್ತಿಗಳನ್ನು ಮಕ್ಕಳು ಬಾಯಿಪಾಠ ಮಾಡಿದರು. ಅವರು ಹೋದ ಮೇಲೆ ಅದೇ ಮನೆಗಳಿಗೆ ಸಿಂಧಿಗಳು ಬಂದರು, ಜಾಗ ಗಾಂಧಿನಗರವಾಯಿತು. ಇವತ್ತು ವಾರ್ಸಾದಲ್ಲಿ ಕೊಲ್ಹಾಪುರದ ಹೆಸರಿನ ಸ್ಮಾರಕವಿದೆ.

ನಮ್ಮ ಕಡೆಗೇ ಬಂದು ನಿಂತವರೂ ಇದ್ದಾರೆ. ವಾರ್ಸಾದ ಎಂಜಿನಿಯರ್ ಮೌರಿಸ್ ಫ್ರಿಡ್‌ಮನ್ ಮೈಸೂರು ಸಂಸ್ಥಾನದ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಲು ಬಂದರು, ಖಾದಿ ಉಟ್ಟರು, ಭಾರತಾನಂದರಾದರು, ಔಂಧ್ ಸಂಸ್ಥಾನದ ಗ್ರಾಮಸ್ವರಾಜ್ಯದ ಪ್ರಯೋಗದಲ್ಲಿ ಕೈಗೂಡಿಸಿದರು. ಅವರ ಜೊತೆ ಸೇರಿ ವಾಂದಾ ದಿನೋವ್ಸ್ಕಾ 1944ರಲ್ಲಿ ಮದರಾಸಿನಲ್ಲಿ ಪೋಲಿಷ್–ಭಾರತೀಯ ಗ್ರಂಥಮಾಲೆ ಕಟ್ಟಿದರು. ಗಾಂಧೀಜಿ ಆಕೆಗೆ ಇಟ್ಟ ಹೆಸರು ಉಮಾದೇವಿ. ಭಗವದ್ಗೀತೆಯನ್ನು ಪೋಲಿಷಿಗೆ ತಂದ ಆ ಹೆಂಗಸು ತೀರಿಕೊಂಡದ್ದು 1971ರಲ್ಲಿ, ಮೈಸೂರಿನಲ್ಲಿ. ನಾವು ಅವರ ಭಾಷೆಯ ಒಂದು ನಮಸ್ಕಾರವನ್ನೂ ಕಲಿಯುವ ಮೊದಲೇ ಅವರು ನಮ್ಮದನ್ನು ಕಲಿತು ಹೋಗಿದ್ದರು.

ಊರು ಎಬ್ಬಿಸಿ ಜನರನ್ನು ನಡೆಸಿದ ಕಥೆ ದೌಲತಾಬಾದಿಗೆ ಹೊಸದಲ್ಲ. 1327ರಲ್ಲಿ ತುಘಲಕ್ ದಿಲ್ಲಿಯವರನ್ನು ಇಲ್ಲಿಗೆ ಅಟ್ಟಿದ್ದು ಕಾರ್ನಾಡರ ನಾಟಕ ನೋಡಿದ ಕನ್ನಡಿಗರಿಗೆಲ್ಲ ಗೊತ್ತು. ದೊರೆ ವಾಪಸು ಹೋದ, ಬಂದವರ ಮಾತು ಇಲ್ಲಿ ಉಳಿದು ದಖನಿಯಾಯಿತು, ಮರಾಠಿಯ "ನಕೋ"ವನ್ನು "ನಕ್ಕೋ" ಮಾಡಿಕೊಂಡಿತು. ಬೇಡ ಎನ್ನುವುದನ್ನೇ ಮೊದಲು ಕಲಿತರು ಪಾಪ. ಷಷ್ಠಿಯಿಂದ ಶುರುಮಾಡಿ ಎಂದು ನಾನು ಹೇಳಿದ್ದು ಸುಮ್ಮನೆ ಅಲ್ಲ.

ಎಣಿಕೆಯ ಮಾತು ಬಾಕಿ ಇದೆ. ಯೆದೆನ್, ದ್ವಾ, ತ್ಶಿ, ಚ್ತೆರಿ, ಪ್ಯೆಂಚ್, ಶೆಶ್ಚ್, ಶೆದೆಮ್, ಓಶೆಮ್, ಜೆವ್ಯೆಂಚ್, ಜೆಶೆಂಚ್. ನೂರಕ್ಕೆ ಸ್ತೊ, ಶತ. ಒಂದು ಸೇಬು "ಯಾಪ್ಕೊ". ಎರಡು, ಮೂರು, ನಾಲ್ಕಕ್ಕೆ ಬಹುವಚನ, "ಯಾಪ್ಕಾ". ಐದಕ್ಕೆ ಬಂದರೆ ಬಹುವಚನದ ಷಷ್ಠಿ, "ಯಾಬ್ವೆಕ್", ಅಂದರೆ "ಸೇಬುಗಳ ಐದು" ಎಂಬಂತೆ. ನಾವು ಐದಕ್ಕೂ ಐವತ್ತಕ್ಕೂ "ಸೇಬು" ಎಂದೇ ಅಂದು ಹಾಯಾಗಿದ್ದೇವೆ.

ಮೊಮ್ಮಗಳು ರಜೆಗೆ ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಾಳೆ. ನಿನ್ನೆ ಕೋಟೆ ನೋಡಿ ಇಳಿದು ಬಂದಾಗ ಬಾಗಿಲ ಹತ್ತಿರ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಪೇರಲ ಹಣ್ಣು ಇಟ್ಟುಕೊಂಡು ಕೂತಿದ್ದಳು. ಹುಡುಗಿ ಐದು ಬೆರಳು ತೋರಿಸಿ "ಪ್ಯೆಂಚ್" ಅಂದಳು. ಅಜ್ಜಿ ತಡಮಾಡಲಿಲ್ಲ, "ಪಾಚ್? ಘೇ" ಎಂದು ಐದು ಹಣ್ಣು ಆರಿಸಿ ತಕ್ಕಡಿಗೆ ಹಾಕಿದಳು. ಮುಳ್ಳು ಸ್ವಲ್ಪ ಮೇಲೇ ನಿಂತಿತು. ಇನ್ನೊಂದು ಸಣ್ಣದನ್ನು ಹುಡುಕಿ ಹಾಕಿ "ಏಕ ಕಿಲೋ" ಅಂದಳು. ಹುಡುಗಿ ತಕ್ಕಡಿ ನೋಡಿದಳು, ಎಣಿಸಿದಳು, ಒಪ್ಪಲಿಲ್ಲ. ತಾನು ಕೇಳಿದ್ದು ಐದು, ಇಲ್ಲಿ "ಶೆಶ್ಚ್" ಇವೆ! ಪೇರಲ ಎಣಿಕೆಯ ಲೆಕ್ಕವಲ್ಲ, ತೂಕದ ಲೆಕ್ಕ ಎಂದು ಆರು ತಿಂಗಳ ಪೋಲಿಷಿನಲ್ಲಿ ಹೇಳಲು ನಾನು ತಡಕಾಡುತ್ತ ನಿಂತೆ. ಅಜ್ಜಿ ಆರನೆಯ ಹಣ್ಣನ್ನು ಸೆರಗಿನಿಂದ ಒರೆಸಿ ಅವಳ ಕೈಗೇ ಕೊಟ್ಟಳು. ಅವಳು ಕಚ್ಚಿದಳು. ಬಾಯಿ ತುಂಬ ಹಣ್ಣಿಟ್ಟುಕೊಂಡೇ ನನ್ನ ಕಡೆ ತಿರುಗಿ, ಹಣ ಕೊಡು ಎನ್ನುವಂತೆ, "ಜಾತ್ಕು!" ಅಂದಳು.